ಹಾರ ಕಿತ್ತದ್ದು ದಾರದಿಂದ ಅಲ್ಲ

ಚನ್ನಪಟ್ಟಣ ಅಂದರೆ ಎಲ್ಲರಿಗೂ ಬೊಂಬೆ. ನಾನು ಅಲ್ಲಿ ಕಲಿತದ್ದು ಮಣಿ. ಅದೇ ಆಲೆ ಮರ, ಅದೇ ಅರಗು, ಮರವನ್ನು ತಿರುಗಿಸಿ ಕಡೆಯುವ ಅದೇ ಲೇತ್. ಆದರೆ ಬೊಂಬೆಯ ತಲೆ ಒಂದು ಕೂದಲೆಳೆ ದಪ್ಪವಾದರೆ ಯಾರಿಗೂ ಗೊತ್ತಾಗಲ್ಲ. ಹಾರದಲ್ಲಿ ಒಂದು ಮಣಿ ದಪ್ಪವಾಯಿತೋ, ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ.

ಆಲೆ ಮರ ಬೆಳ್ಳಗೆ, ಮೆತ್ತಗೆ ಇರುತ್ತದೆ. ತೊಗಟೆ ತೆಗೆದು ಎರಡು ಮೂರು ತಿಂಗಳು ಒಣಗಿಸಲೇಬೇಕು. ಮೊದಲ ಮಳೆಗಾಲದಲ್ಲಿ ಅವಸರಪಟ್ಟು ಹಸಿ ಕೋಲು ಹಾಕಿದೆ. ಮಾಡಿಟ್ಟ ಮಣಿಗಳೆಲ್ಲ ಬಿರುಕು ಬಿಟ್ಟು ಒಲೆಗೆ ಹೋದವು.

ಅರಗಿನ ಕೆಲಸ ನನಗೆ ತುಂಬಾ ಇಷ್ಟ. ಅರಗನ್ನು ಕೆಂಡದ ಮೇಲೆ ಮೆದು ಮಾಡಿ, ಬಣ್ಣ ಸೇರಿಸಿ, ಎಳೆದು, ಮಡಚಿ, ಮತ್ತೆ ಎಳೆದು ಕಡ್ಡಿ ಮಾಡಿಟ್ಟುಕೊಳ್ಳುತ್ತೇವೆ. ತಿರುಗುವ ಮರಕ್ಕೆ ಆ ಕಡ್ಡಿ ತಾಗಿಸಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ನಾನು ಬಲವಾಗಿ ಒತ್ತುತ್ತಿದ್ದೆ, ಬಣ್ಣ ಗಂಟುಗಂಟಾಗುತ್ತಿತ್ತು. "ಒತ್ತಬೇಡಮ್ಮ, ಮುಟ್ಟಿಸು ಸಾಕು" ಅಂತ ಮೇಸ್ತ್ರಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆಮೇಲೆ ತಾಳೆ ಗರಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಏಳುತ್ತದೆ.

ಒಂದು ಕೋಲಿನಲ್ಲಿ ನಾಲ್ಕೇ ಮಣಿ ತೆಗೆಯುತ್ತೇನೆ. ಜಾಸ್ತಿ ಆಸೆಪಟ್ಟರೆ ಡ್ರಿಲ್ ವಾಲಿ ತೂತು ಸೊಟ್ಟಗಾಗುತ್ತದೆ. ಈ ತೂತಿನ ವಿಷಯದಲ್ಲೇ ನನಗೆ ಸರಿಯಾಗಿ ಬುದ್ಧಿ ಬಂದದ್ದು. ಒಂದು ದಿನ, ನನ್ನಿಂದ ಹಾರ ಕೊಂಡಿದ್ದ ಹೆಂಗಸೊಬ್ಬರು ಕರ್ಚೀಫಿನಲ್ಲಿ ಮಣಿ ಕಟ್ಟಿಕೊಂಡು ಬಂದರು. "ಬಸ್ಸಲ್ಲಿ ಕಿತ್ತೋಯ್ತು ಮೇಡಂ. ನಲವತ್ತರಲ್ಲಿ ಮೂವತ್ತೊಂದು ಸಿಕ್ತು." ನಾನು ದಾರವನ್ನು ಬೈದೆ. ಪಾಪ, ದಾರ ಗಟ್ಟಿಯೇ ಇತ್ತು. ಹತ್ತಿಯ ಎಳೆಯೊಂದನ್ನು ತೂತಿನೊಳಗೆ ಎಳೆದು ನೋಡಿದರೆ ಅಂಚಿಗೆ ಸಿಕ್ಕಿಕೊಂಡಿತು. ಉಳಿಯಲ್ಲಿ ಮಣಿ ಕತ್ತರಿಸಿದ ಕಡೆ ಮರದ ಸಿಬಿರು, ಅದರ ಮೇಲೆ ಒಣಗಿದ ಅರಗಿನ ಚೂರು. ಬ್ಲೇಡು ಬೇರೆ ಬೇಕಾ?

ಈಗ ಪ್ರತಿ ತೂತಿನ ಎರಡೂ ಬಾಯಿಗೆ ದಪ್ಪ ಡ್ರಿಲ್ ಬಿಟ್ ಇಟ್ಟು ಕೈಯಲ್ಲೇ ಎರಡು ಸುತ್ತು ತಿರುಗಿಸುತ್ತೇನೆ. ಉಪ್ಪುಕಾಗದ ಸುರುಳಿ ಸುತ್ತಿ ಒಳಗೆ ಆಡಿಸುತ್ತೇನೆ. ಹತ್ತಿ ಎಳೆ ಸಿಕ್ಕಿಕೊಳ್ಳದೆ ಬಂದರೆ ಮಾತ್ರ ಪೋಣಿಸುವುದು. ಮಣಿ ಮಾಡುವುದಕ್ಕಿಂತ ಇದಕ್ಕೇ ಹೊತ್ತು ಹಿಡಿಯುತ್ತದೆ. "ಪ್ಲಾಸ್ಟಿಕ್ಕಿನದ್ದು ಇಪ್ಪತ್ತು ರೂಪಾಯಿಗೆ ಸಿಗುತ್ತೆ" ಅನ್ನುವವರಿಗೆ ಇದನ್ನೆಲ್ಲ ಹೇಳುತ್ತಾ ಕೂರುವುದಕ್ಕಾಗುತ್ತಾ? ಸುಮ್ನೆ ನಗುತ್ತೇನೆ.

ಕೊಂಡವರಿಗೆ ಒಂದು ಮಾತು ಮಾತ್ರ ತಪ್ಪದೆ ಹೇಳುತ್ತೇನೆ: ಸೆಂಟು, ಸ್ಯಾನಿಟೈಸರ್ ತಾಗಿಸಬೇಡಿ. ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ, ಮಣಿ ಮಣಿ ಅಂಟಿಕೊಳ್ಳುತ್ತವೆ.

ಕಿತ್ತ ಹಾರಕ್ಕೆ ಒಂಬತ್ತು ಮಣಿ ಹೊಸದಾಗಿ ಮಾಡಿದೆ. ಅದು ಅರಿಶಿನದ ಹಳದಿ. ಬಿಸಿಲು ಕಂಡು ಹಳೆಯವು ಮಾಸಿದ್ದವು, ಹೊಸವು ಎದ್ದು ಕಾಣುತ್ತಿದ್ದವು. ನಾನು ಪೇಚಾಡುತ್ತಿದ್ದರೆ ಆಕೆಯೇ, "ಹಿಂದುಗಡೆ ಪೋಣಿಸಿ ಮೇಡಂ, ಜಡೆ ಕೆಳಗೆ ಯಾರು ನೋಡ್ತಾರೆ" ಅಂದರು.