ಜರ್ಮನಿಯ ಪಿಎಚ್‌ಡಿ: ಎಕ್ಸ್‌ಪೊಜೆ ಬರೆಯುವ ಮೊದಲು

ಮಳೆಗಾಲದ ರಜೆಗೆ ಮಂಗಳೂರಿಗೆ ಬಂದಿದ್ದೆ. ಚಿಕ್ಕಮ್ಮನ ಮಗ ಉಡುಪಿಯಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಜರ್ಮನಿಗೆ ಅಪ್ಲೈ ಮಾಡ್ಬೇಕು, ಪ್ರಪೋಸಲ್ ಒಮ್ಮೆ ನೋಡಣ್ಣ." ಶೀರ್ಷಿಕೆ, 'ಕರಾವಳಿಯಲ್ಲಿ ಬಾಸೆಲ್ ಮಿಶನ್: ಒಂದು ಅಧ್ಯಯನ'. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಕ್ರೈಸ್ತ ಮಿಶನರಿ ಸಂಸ್ಥೆ ಅದು.

"ಇದಕ್ಕೆ ಮೂರು ಜನ್ಮ ಬೇಕು ಮಾರಾಯ!"

ಅವನ ತಪ್ಪಲ್ಲ. ನಮ್ಮಲ್ಲಿ ಎಂಟ್ರೆನ್ಸೋ ನೆಟ್ಟೋ ಬರೆದು, ಸಂದರ್ಶನ ಮುಗಿಸಿ, ಗೈಡ್ ಸಿಕ್ಕಿ, ಕೋರ್ಸ್‌ವರ್ಕ್ ಆದ ಮೇಲೆ ಸಿನಾಪ್ಸಿಸ್ ಒಂದು ರೂಪಕ್ಕೆ ಬರುತ್ತದೆ. ಜರ್ಮನಿಯಲ್ಲಿ ಹಲವರು ಹಿಡಿಯುವ ದಾರಿಗೆ ಪ್ರೊಫೆಸರೇ ಬಾಗಿಲು. ಅವರನ್ನು 'ಡಾಕ್ಟರ್‌ಫಾಟರ್' ಎನ್ನುತ್ತಾರೆ, ಅಂದರೆ ಡಾಕ್ಟರ್ ಅಪ್ಪ, ಹೆಂಗಸಾದರೆ 'ಡಾಕ್ಟರ್‌ಮುಟರ್'. ಮಾರ್ಗದರ್ಶನ ಮಾಡುತ್ತೇನೆಂದು ಅವರು ಲಿಖಿತವಾಗಿ ಒಪ್ಪಿದ ಮೇಲೆಯೇ ವಿಭಾಗದಲ್ಲಿ ನಿಮ್ಮ ಅರ್ಜಿ ಮುಂದಕ್ಕೆ ಹೋಗುವುದು. ಸಂಶೋಧನೆಯ ಯೋಜನೆ ಬರೆದು ಅವರನ್ನು ಒಪ್ಪಿಸುವ ಕಾಗದವೇ 'ಎಕ್ಸ್‌ಪೊಜೆ'.

ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ ಈ ಕಷ್ಟ ಕಡಿಮೆ. ಅಲ್ಲಿ ಪಿಎಚ್‌ಡಿ ಬಹಳ ಸಲ ಸಂಬಳದ ನೌಕರಿ. ಪ್ರಾಜೆಕ್ಟ್ ಮೊದಲೇ ತಯಾರಿರುತ್ತದೆ, ಜಾಹೀರಾತು ನೋಡಿ ಅರ್ಜಿ ಹಾಕಿದರಾಯಿತು.

ಇತಿಹಾಸ, ಸಮಾಜಶಾಸ್ತ್ರದವರು ಮಾತ್ರ ವಿಷಯವನ್ನು ಕಡೆದು ಕಡೆದು ಬೆಣ್ಣೆ ತೆಗೆಯಬೇಕು. ಮಿಶನ್ ಇಡೀ ಬೇಡ, ಹೆಂಚಿನ ಕಾರ್ಖಾನೆ ಮಾತ್ರ ಹಿಡಿ ಎಂದೆ. 1865ರಲ್ಲಿ ಮಿಶನ್‌ನ ಜರ್ಮನ್ ಮಿಶನರಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಅದನ್ನು ಆರಂಭಿಸಿದರು. 1914ರಲ್ಲಿ ಯುದ್ಧ ಬಂದು ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಕಾಲದ ಗಡಿ ಸಿಕ್ಕಿತು. ಮತಾಂತರಗೊಂಡು ಜಾತಿಯ ಜೊತೆ ಕಸುಬನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಬೇಕಾಗಿ ಬಂದದ್ದು ಇಂಥ ಕಾರ್ಖಾನೆಗಳಿಗೆ ಒಂದು ಕಾರಣ. ಹಾಗಾದರೆ, ಅಲ್ಲಿ ದುಡಿದ ಹೆಂಗಸರಿಗೆ ಸಂಬಳದ ಜೊತೆಗೆ ಎಂಥ ಹೊಸ ಕಟ್ಟುಪಾಡುಗಳು ಬಂದವು? ಇದು ಪ್ರಶ್ನೆ. ಮೊದಲಿನದ್ದು ಬರೀ ವಿಷಯ.

ಆಮೇಲೆ ಈವರೆಗೆ ಯಾರು ಏನು ಬರೆದಿದ್ದಾರೆ ಎಂಬ ಭಾಗ. ಪುಸ್ತಕಗಳ ಪಟ್ಟಿ ಒಪ್ಪಿಸಿದರೆ ಸಾಲದು. ಅವರು ಎಲ್ಲಿ ನಿಲ್ಲಿಸಿದರು, ನೀವು ಎಲ್ಲಿಂದ ಶುರು ಮಾಡುತ್ತೀರಿ ಎಂದು ತೋರಿಸಬೇಕು. ನನ್ನ ಮೊದಲ ಎಕ್ಸ್‌ಪೊಜೆ ಬಿದ್ದದ್ದು ಇಲ್ಲೇ. ಹದಿನೆಂಟು ಪುಸ್ತಕ ಹೊಗಳಿದ್ದೆ, ಒಂದರ ಜೊತೆಯೂ ಜಗಳಾಡಿರಲಿಲ್ಲ.

ದಾಖಲೆ ಎಲ್ಲುಂಟು ಎಂಬುದನ್ನೂ ಬರೆಯಿರಿ. ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಒಂದಷ್ಟಿದೆ, ದೊಡ್ಡ ಭಂಡಾರ ಬಾಸೆಲ್‌ನಲ್ಲಿದೆ, ಜರ್ಮನಿಯ ಗಡಿ ದಾಟಿದರೆ ಅದೇ ಊರು. ಮಿಶನ್‌ನ ವಾರ್ಷಿಕ ವರದಿಗಳು ಇಂಗ್ಲಿಷಿನಲ್ಲೂ ಅಚ್ಚಾಗಿವೆ. ಆದರೆ ಪತ್ರಗಳು ಹಳೆಯ 'ಕುರೆಂಟ್' ಕೈಬರಹದಲ್ಲಿವೆ, ಇಂದಿನ ಜರ್ಮನ್ನರೇ ಓದಲು ತಡಕಾಡುತ್ತಾರೆ. ಓದಲು ಬರುವುದಿಲ್ಲ ಎಂದಾದರೆ ಮುಚ್ಚಿಡಬೇಡಿ; ಮೊದಲ ಆರು ತಿಂಗಳು ಕಲಿಯಲಿಕ್ಕೆ ಎಂದು ವೇಳಾಪಟ್ಟಿಯಲ್ಲೇ ಹಾಕಿ. ಪ್ರೊಫೆಸರ್‌ಗಳಿಗೆ ಅಂಥ ಸಾಲಿನ ಮೇಲೆ ನಂಬಿಕೆ ಹೆಚ್ಚು.

ಪುಟ ಎಷ್ಟಿರಬೇಕು, ಯಾವ ಭಾಷೆಯಲ್ಲಿರಬೇಕು ಎಂಬುದು ಆಯಾ ವಿಭಾಗದ ನಿಯಮ, ಕೇಳಿಯೇ ಬರೆಯಿರಿ. ಐವತ್ತು ಮಂದಿಗೆ ಒಂದೇ ಮೇಲ್ ಕಳಿಸಬೇಡಿ, ಓದುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇನ್ನೊಂದು, ಪ್ರೊಫೆಸರ್ ಒಪ್ಪಿದರು ಎಂದ ಮಾತ್ರಕ್ಕೆ ಹಣ ಬಂತೆಂದಲ್ಲ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಉಂಟು; ಊಟ-ಬಾಡಿಗೆಗೆ ಡಿಎಎಡಿ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಕೊಡುವಂಥ ವಿದ್ಯಾರ್ಥಿವೇತನಕ್ಕೆ ಬೇರೆಯೇ ಅರ್ಜಿ.

ತಮ್ಮ ಈಗ ದಿನಾ ಅರ್ಧ ಗಂಟೆ ಕುರೆಂಟ್ ತಿದ್ದುತ್ತಿದ್ದಾನೆ. ನಿನ್ನೆ ಮೆಸೇಜ್ ಬಂತು: "ಅಣ್ಣ, ಇವರ 'ಇ' ನೋಡ್ಲಿಕ್ಕೆ 'ಎನ್' ಹಾಗೇ ಉಂಟಲ್ಲ, ಎಂತ ಮಾಡುದು?"