ಕೊಡಲಿಗೆ ಕಾವು ಹಾಕುವುದಿದ್ದರೆ ಬೇಸಿಗೆಯಲ್ಲೇ ಹಾಕಿ

ನಮ್ಮ ಸೇಡಂ ಕಡೆ ಕಟ್ಟಿಗೆ ಒಡೆಯುವ ಕೊಡಲಿಯ ಕಾವು, ಅಂದರೆ ಮರದ ಹಿಡಿಕೆ, ಸಡಿಲಾಯಿತೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ನೀರಿನ ಬಕೆಟ್. ರಾತ್ರಿ ಮುಳುಗಿಸಿಟ್ಟರೆ ಬೆಳಿಗ್ಗೆ ಗಟ್ಟಿ, ಎರಡು ಬಿಸಿಲು ಬಿದ್ದರೆ ಮತ್ತೆ ಸಡಿಲ, ಅದೂ ಮೊದಲಿಗಿಂತ ಜಾಸ್ತಿ. ಉಬ್ಬಿದ ಕಟ್ಟಿಗೆಗೆ ಕಬ್ಬಿಣ ಜಾಗ ಬಿಡುವುದಿಲ್ಲ. ಒಳಗಿನ ನಾರು ನಜ್ಜಾಗಿ, ಒಣಗಿದಾಗ ಹಳೆಯ ದಪ್ಪಕ್ಕೂ ಬರುವುದಿಲ್ಲ.

ಅದಕ್ಕೇ ನಾನು ಕಾವು ಹಾಕುವುದು ಏಪ್ರಿಲ್-ಮೇನಲ್ಲಿ. ಬಿಸಿಲು 42 ಡಿಗ್ರಿ ದಾಟಿದಾಗ ಕಟ್ಟಿಗೆ ಎಷ್ಟು ಸೊರಗಬೇಕೋ ಅಷ್ಟು ಸೊರಗಿರುತ್ತದೆ. ಆಗ ಬಿಗಿಯಾಗಿ ಕೂತದ್ದು ಮಳೆಗಾಲಕ್ಕೆ ಇನ್ನಷ್ಟು ಬಿಗಿಯಾಗುತ್ತದೆ. ಶ್ರಾವಣದಲ್ಲಿ ಹಾಕಿದ ಕಾವು ಯುಗಾದಿ ಹೊತ್ತಿಗೆ ಅಲ್ಲಾಡುತ್ತದೆ, ಬೇಕಾದರೆ ನೋಡಿ.

ಕಟ್ಟಿಗೆ ಕರಿಜಾಲಿಯದ್ದೇ ಆಗಬೇಕು. ಬಂಡಿ, ಕುಂಟೆಗೆ ನಮ್ಮ ಹಿರಿಯರು ಬಳಸಿದ್ದೂ ಅದನ್ನೇ. ಬಳ್ಳಾರಿ ಜಾಲಿ ಗಟ್ಟಿಯೇ, ಆದರೆ ನೆಟ್ಟಗಿನ ತುಂಡು ಸಿಗುವುದು ಅಪರೂಪ. ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ನಡುವಿನ ಗಟ್ಟಿ ಕೆಂಪು ಚೇಗು ಬೇಕು. ಗರಗಸದಲ್ಲಿ ಕೊಯ್ದದ್ದಕ್ಕಿಂತ ಸೀಳಿದ ತುಂಡು ಒಳ್ಳೆಯದು, ಸೀಳು ನಾರಿನ ಜೊತೆಗೇ ಹೋಗುತ್ತದೆ. ಅಂಗಡಿಯ ರೆಡಿಮೇಡ್ ಕಾವು ಕೊಳ್ಳುವವರು ಬಣ್ಣ ಬಳಿದದ್ದನ್ನು ಮುಟ್ಟಬೇಡಿ. ನಾರು ನಡುವೆ ಅಡ್ಡ ಹಾದು ಹೊರಗೆ ಬಂದಿದ್ದರೆ ಆ ಬಣ್ಣದ ಕೆಳಗೆ ಕಾಣುವುದೇ ಇಲ್ಲ, ಮುರಿಯುವುದೂ ಅಲ್ಲೇ.

ಮುರಿದ ತುಂಡನ್ನು ತೆಗೆಯಲು ಕೊಡಲಿಯನ್ನು ಒಲೆಗೆ ಹಾಕುವವರಿದ್ದಾರೆ. ಕಂಬಾರ ಕೊಡಲಿಯ ಬಾಯಿಗೆ ಕೊಟ್ಟ ಹದ ಅಲ್ಲಿಗೆ ಮುಗಿಯಿತು. ನಾನು ಕಾವನ್ನು ತಲೆಯ ಬುಡಕ್ಕೆ ಕೊಯ್ದು, ಉಳಿದದ್ದಕ್ಕೆ ಡ್ರಿಲ್‌ನಿಂದ ತೂತು ಹೊಡೆದು ಜೊಳ್ಳು ಮಾಡಿ, ಕೆಳಗಿನಿಂದ ಮೇಲಕ್ಕೆ ಬಡಿದು ತೆಗೆಯುತ್ತೇನೆ. ಕಣ್ಣು, ಅಂದರೆ ಕಾವು ಕೂರುವ ತಲೆಯ ತೂತು, ಮೇಲ್ಗಡೆ ತುಸು ಅಗಲವಿರುತ್ತದೆ, ಉಲ್ಟಾ ಬಡಿದರೆ ಇನ್ನೂ ಸಿಕ್ಕಿಕೊಳ್ಳುತ್ತದೆ.

ಹೊತ್ತು ಹಿಡಿಯುವುದು ಕೂರಿಸುವ ಕೆಲಸ. ಕಣ್ಣಿನ ಒಳಗೋಡೆಗೆ ಒಲೆಯ ಮಸಿ ಸವರಿ, ಕಾವಿನ ತುದಿ ತೂರಿಸಿ, ಹೊರಗೆ ತೆಗೆದು ನೋಡಬೇಕು. ಕಪ್ಪು ಹತ್ತಿದ ಜಾಗವಷ್ಟೇ ತಾಗುತ್ತಿದೆ ಎಂದರ್ಥ. ಅಲ್ಲಿ ಮಾತ್ರ ಅರದಿಂದ ಉಜ್ಜಿ ಮತ್ತೆ ತೂರಿಸಬೇಕು. ಬೇಸರದ ಕೆಲಸ, ಆದರೆ ಕಪ್ಪು ಸುತ್ತಲೂ ಸಮನಾಗಿ ಹತ್ತುವವರೆಗೂ ಬಿಡಬಾರದು. ಬೆಣೆ ಹೊಡೆದರೆ ಎಲ್ಲ ಸರಿಹೋಗುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ತಲೆ ಏರಿಸುವುದು. ನೆಲಕ್ಕೆ ಕುಟ್ಟುವ ಅಗತ್ಯವಿಲ್ಲ. ತಲೆ ಕೆಳಗಾಗಿ ಕೊಡಲಿಯನ್ನು ಗಾಳಿಯಲ್ಲಿ ತೂಗುಬಿಟ್ಟು ಹಿಡಿದು, ಕಾವಿನ ಹಿಂತುದಿಗೆ ಮರದ ಸುತ್ತಿಗೆಯಿಂದ ಬಡಿಯಬೇಕು. ಭಾರವಾದ ತಲೆ ತಾನಿದ್ದಲ್ಲೇ ನಿಲ್ಲುತ್ತದೆ, ಕಾವು ಅದರೊಳಕ್ಕೆ ಇಳಿಯುತ್ತದೆ. ಸದ್ದು ಬದಲಾಗುವುದು ಕಿವಿಗೇ ಗೊತ್ತಾಗುತ್ತದೆ. ತುದಿಯಲ್ಲಿ ಮೊದಲೇ ಕಣ್ಣಿನ ಆಳದ ಮೂರರಲ್ಲಿ ಎರಡು ಭಾಗದಷ್ಟು ಸೀಳು ಕೊಯ್ದಿರಬೇಕು, ಅದರೊಳಗೆ ಮರದ ಬೆಣೆ. ತಲೆಯ ಮೇಲೆ ಅರ್ಧ ಸೆಂಟಿಮೀಟರ್ ಕಾವು ಉಳಿಸಿ ಮಿಕ್ಕದ್ದನ್ನು ಕೊಯ್ಯಿರಿ. ಆ ಉಳಿದ ಅಂಚು ಅರಳಿ ತಲೆ ಜಾರದಂತೆ ತಡೆಯುತ್ತದೆ.

ಹಿಡಿಕೆಗೆ ವಾರ್ನಿಶ್ ಬೇಡ, ಕೈಗೆ ಬೊಬ್ಬೆ ಬರುತ್ತದೆ. ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದರೆ ಸಾಕು. ಗುರಿ ತಪ್ಪಿದ ಏಟು ಬೀಳುವುದು ತಲೆಯ ಬುಡದಲ್ಲಿ, ಅಲ್ಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತುತ್ತೇನೆ.

ಕೊನೆಗೆ ಎಣ್ಣೆ. ನಮ್ಮಲ್ಲಿ ಗಾಣದ ಅಗಸಿ ಎಣ್ಣೆಗೆ ಬರವಿಲ್ಲ. ಅದು ಒಣಗಿ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆಯೂ ನಡೆಯುತ್ತದೆ, ತಡವಾಗುತ್ತದೆ ಅಷ್ಟೇ. ಶೇಂಗಾ ಎಣ್ಣೆ ಅಂಟಾಗಿಯೇ ಉಳಿಯುತ್ತದೆ. ನೀರು ನುಗ್ಗುವುದು ಕಾವಿನ ಮೇಲ್ತುದಿಯಿಂದ, ಆದ್ದರಿಂದ ಅಲ್ಲಿ ಕುಡಿಯುವಷ್ಟು ಕುಡಿಸಿ. ಅಗಸಿ ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯೇರಿ ಬೆಂಕಿ ಹತ್ತುತ್ತದೆ, ನಮ್ಮ ಮೇ ತಿಂಗಳಲ್ಲಂತೂ ಕೇಳಲೇಬೇಡಿ. ಬಳಸಿದ ಬಟ್ಟೆಯನ್ನು ನೀರಲ್ಲಿ ಅದ್ದಿ, ಅಂಗಳದ ಫರಶಿಯ ಮೇಲೆ ಬಿಡಿಸಿ ಒಣಗಿಸಿ, ಆಮೇಲೆ ಒಲೆಗೆ ಹಾಕುತ್ತೇನೆ.