ಮೊದಲು ಮಾತು, ಆಮೇಲೆ ಬಾಯಿ: ಆನಿಮೇಷನ್‌ಗೆ ಧ್ವನಿ ಕೂಡಿಸುವ ನನ್ನ ರೀತಿ

ಮಕ್ಕಳ ಹಾಡು, ಪುಟ್ಟ ಕಥೆಗಳಿಗೆ ನಾನು ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ ಆನಿಮೇಷನ್ ಮಾಡುತ್ತೇನೆ. ಈ ಕೆಲಸದಲ್ಲಿ ನನ್ನದೊಂದು ಹಟ ಇದೆ. ಧ್ವನಿ ಪೂರ್ತಿ ಕೈಗೆ ಬರುವವರೆಗೆ ಒಂದು ಕೀಫ್ರೇಮ್ (ಪಾತ್ರದ ಭಂಗಿ ಗುರುತಿಸಿಡುವ ಫ್ರೇಮ್) ಕೂಡ ಹಾಕುವುದಿಲ್ಲ. ‘ನೀವು ಚಿತ್ರ ಶುರು ಮಾಡಿ, ವಾಯ್ಸ್ ಆಮೇಲೆ ಕೊಡ್ತೀವಿ’ ಅನ್ನುವವರು ಇದ್ದೇ ಇರುತ್ತಾರೆ. ಆಗಲ್ಲ ಅಂತ ಹೇಳಿಬಿಡುತ್ತೇನೆ. ಚಿತ್ರವನ್ನು ನಾಲ್ಕು ಫ್ರೇಮ್, ಅಂದರೆ ನಾಲ್ಕು ಬಿಡಿ ಚಿತ್ರದಷ್ಟು, ಹಿಗ್ಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಮಾತನ್ನು ಎಳೆದರೆ ಕಿವಿ ತಕ್ಷಣ ಹಿಡಿಯುತ್ತದೆ.

ಹಾಡಾದರೆ ರೆಕಾರ್ಡಿಂಗ್‌ಗೂ ಮೊದಲೇ ಸಂಗೀತ ಮಾಡುವವರ ಜೊತೆ ವೇಗದ ಲೆಕ್ಕ ಮಾತಾಡಿಕೊಳ್ಳುತ್ತೇನೆ. ನನ್ನದು ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 1440. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್‌ಗೆ ಸರಿಯಾಗಿ 12 ಫ್ರೇಮ್. 96 ಇದ್ದರೆ 15. 100 ಇಟ್ಟರೆ 14.4 ಬರುತ್ತದೆ. ಆ ಚಿಲ್ಲರೆ ಹಾಡು ಮುಗಿಯುವವರೆಗೂ ಕಾಡುತ್ತದೆ. ಒಂದು ಹೆಜ್ಜೆ 14 ಫ್ರೇಮ್‌ಗೆ, ಇನ್ನೊಂದು 15ಕ್ಕೆ. ಕುಣಿತದ ಒಂದು ಸುತ್ತು (ಸೈಕಲ್) ಮಾಡಿ ಕಾಪಿ ಹೊಡೆಯುವ ಹಾಗೇ ಇಲ್ಲ. ನನಗೆ ಇಷ್ಟದ್ದು 90. ಬೀಟ್‌ಗೆ 16 ಫ್ರೇಮ್, ಅರ್ಧ ಮಾಡಿದರೂ ಕಾಲು ಮಾಡಿದರೂ ಚಿಲ್ಲರೆ ಉಳಿಯುವುದಿಲ್ಲ. ಎಂಟೆಣಿಕೆಯ ಆದಿತಾಳದ ಒಂದು ಆವರ್ತ 128 ಫ್ರೇಮ್‌ಗೆ ಮುಗಿಯುತ್ತದೆ.

ಫೈಲ್ ವೇವ್ ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಬೇಕು ಅಂತ ಕೇಳುತ್ತೇನೆ. ಆಗ ಒಂದು ಫ್ರೇಮ್‌ಗೆ ಸರಿಯಾಗಿ 2000 ಸ್ಯಾಂಪಲ್ (ಧ್ವನಿಯ ಬಿಡಿ ಅಳತೆ) ಬರುತ್ತದೆ. ಎಂಪಿ3 ಬೇಡ, ಅದು ಶುರುವಿನಲ್ಲಿ ಚೂರು ಮೌನ ಸೇರಿಸುತ್ತದೆ. ಬ್ಲೆಂಡರ್‌ನ ಟೈಮ್‌ಲೈನ್‌ನಲ್ಲಿ ಪ್ಲೇಬ್ಯಾಕ್ ಮೆನು ತೆರೆದು ‘ಸಿಂಕ್ ಟು ಆಡಿಯೋ’ ಆರಿಸಬೇಕು. ‘ಪ್ಲೇ ಎವರಿ ಫ್ರೇಮ್’ ಇದ್ದರೆ ಸೀನ್ ಭಾರವಾದಾಗ ಚಿತ್ರ ನಿಧಾನವಾಗುತ್ತದೆ, ಧ್ವನಿ ತನ್ನ ಪಾಡಿಗೆ ಓಡುತ್ತದೆ. ಆಗ ಕಾಣುವ ತಪ್ಪು ಆನಿಮೇಷನ್‌ನದ್ದಲ್ಲ, ಕಂಪ್ಯೂಟರ್‌ನದ್ದು. ಅದನ್ನು ನಂಬಿ ಕೀಫ್ರೇಮ್ ಸರಿಸಲು ಹೋಗಬೇಡಿ. ಬ್ಲೂಟೂತ್ ಹೆಡ್‌ಫೋನ್ ಕೂಡ ಬೇಡ. ಅದರಲ್ಲಿ ಧ್ವನಿ ಹಲವು ಫ್ರೇಮ್ ತಡವಾಗಿ ಬರಬಹುದು. ವೈರ್ ಇರುವ ಅಗ್ಗದ ಇಯರ್‌ಫೋನೇ ವಾಸಿ.

ಇನ್ನು ಬಾಯಿ. ನನ್ನ ಹೆಚ್ಚು ಹೊತ್ತು ಹೋಗುವುದು ಇಲ್ಲೇ. ರುಬಾರ್ಬ್ ಎಂಬ ಉಚಿತ ಸಾಧನ ಧ್ವನಿ ಕೇಳಿ ಬಾಯಿಯ ಆಕಾರಗಳನ್ನು ತಾನೇ ಜೋಡಿಸುತ್ತದೆ. ಅದರ ಮಾಮೂಲಿ ವಿಧಾನ ಇಂಗ್ಲಿಷ್‌ಗೆ ಮಾಡಿದ್ದು. ಬೇರೆ ಭಾಷೆಗೆ ‘ಫೊನೆಟಿಕ್’ ಅನ್ನುವ ಇನ್ನೊಂದು ಆಯ್ಕೆ ಇದೆ. ಮೊದಲ ಸುತ್ತಿಗೆ ಅದು ಪರವಾಗಿಲ್ಲ. ಆದರೆ ಕೊನೆಗೆ ಕೈಯಿಂದಲೇ ತಿದ್ದಬೇಕು.

ನಾನು ಮೊದಲು ಹುಡುಕುವುದು ತುಟಿ ಮುಚ್ಚುವ ಅಕ್ಷರಗಳನ್ನು: ಪ, ಬ, ಮ. ಇವು ಸರಿಯಾದ ಜಾಗದಲ್ಲಿ ಬಿದ್ದರೆ ಮಿಕ್ಕಿದ್ದನ್ನು ನೋಡುವವರು ಕ್ಷಮಿಸುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಜಾಸ್ತಿ ಅಲ್ವಾ? ‘ಮನೆ’ಯ ಮಕಾರಕ್ಕೆ ಎರಡು ಫ್ರೇಮ್ ತುಟಿ ಮುಚ್ಚಿದರೆ ಸಾಕು. ‘ಅಮ್ಮ’, ‘ಹಬ್ಬ’, ‘ಕಪ್ಪೆ’ ಇವಕ್ಕೆ ನಾಲ್ಕು ಫ್ರೇಮ್ ಆದರೂ ಮುಚ್ಚಿ ಹಿಡಿಯುತ್ತೇನೆ. ಅದಾದ ಮೇಲೆ ಉ, ಊ, ಒ, ಓ ಬರುವ ಕಡೆ ತುಟಿ ದುಂಡಗೆ. ವಕಾರಕ್ಕೆ ಕೆಳತುಟಿ ಹಲ್ಲಿನ ಹತ್ತಿರ. ಕ, ಗ, ಣ, ಳ ಎಲ್ಲ ಬಾಯೊಳಗಿನ ಕೆಲಸ, ಹೊರಗೆ ಕಾಣುವುದೇ ಇಲ್ಲ. ಅವಕ್ಕೆ ಬೇರೆ ಆಕಾರ ಕೊಟ್ಟರೆ ಪಾತ್ರ ಸುಮ್ನೆ ಚಪ್ಪರಿಸಿದ ಹಾಗೆ ಕಾಣುತ್ತದೆ.

ಸ್ಕ್ರಿಪ್ಟ್ ನೋಡಿಕೊಂಡು ಬಾಯಿ ಕೂಡಿಸಬಾರದು. ಹಾಳೆಯಲ್ಲಿ ‘ಬಂದಳು’ ಅಂತ ಇರುತ್ತದೆ, ಕಲಾವಿದೆ ಹೇಳಿರುವುದು ‘ಬಂದ್ಳು’. ನಡುವಿನ ಅಕಾರ ಇಲ್ಲವೇ ಇಲ್ಲ. ಬರೆದಂತೆ ಬಾಯಿ ತೆರೆದರೆ ಒಂದು ಆಕಾರ ಹೆಚ್ಚಾಗಿ, ಮುಂದಿನದೆಲ್ಲ ಇಕ್ಕಟ್ಟಾಗುತ್ತದೆ. ಹಾಗಾಗಿ ಸಾಲುಗಳನ್ನು ಕೇಳಿದ ಹಾಗೆ ಮತ್ತೆ ಬರೆದುಕೊಂಡು, ಪಕ್ಕದಲ್ಲಿ ಫ್ರೇಮ್ ನಂಬರ್ ಹಾಕಿಕೊಳ್ಳುತ್ತೇನೆ. ಹಳೆಯ ಕಾಲದಲ್ಲಿ ಯಾವ ಫ್ರೇಮ್‌ಗೆ ಯಾವ ಸದ್ದು ಅಂತ ಬರೆದಿಡುತ್ತಿದ್ದ ಎಕ್ಸ್‌ಶೀಟ್ ಎಂಬ ಹಾಳೆಯ ಕೆಲಸವೇ ಇದು.

ಬಾಯಿಯ ಆಕಾರವನ್ನು ಧ್ವನಿಗಿಂತ ಒಂದು ಫ್ರೇಮ್, ಕೆಲವೊಮ್ಮೆ ಎರಡು ಫ್ರೇಮ್ ಮುಂಚೆ ಇಡುತ್ತೇನೆ. ಲೆಕ್ಕಕ್ಕೆ ಸರಿಯಾಗಿ ಅದೇ ಫ್ರೇಮ್‌ನಲ್ಲಿ ಇಟ್ಟರೆ ಯಾಕೋ ತಡ ಅನಿಸುತ್ತದೆ. ತುಟಿ ತಯಾರಾದ ಮೇಲೆ ತಾನೇ ಸದ್ದು ಬರುವುದು! ಧ್ವನಿ ಸ್ವಲ್ಪ ಹಿಂದೆ ಬಿದ್ದರೆ ನಮ್ಮ ಮನಸ್ಸು ಸಹಿಸುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಗಾಳಿಯಲ್ಲಿ ಸದ್ದು ಒಂದು ಫ್ರೇಮ್‌ನ ಹೊತ್ತಿಗೆ ಸುಮಾರು 14 ಮೀಟರ್ ಮಾತ್ರ ಹೋಗುತ್ತದೆ. ಆದರೆ ಕಾಣುವ ಮೊದಲೇ ಕೇಳುವುದು ಲೋಕದಲ್ಲಿ ಇಲ್ಲ, ಅದಕ್ಕೇ ಅದು ಚುಚ್ಚುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಪ್ರಸಾರದ ಶಿಫಾರಸಿನಲ್ಲೂ ಇದೇ ಕಾಣುತ್ತದೆ: ಧ್ವನಿ 45 ಮಿಲಿಸೆಕೆಂಡ್ ಮುಂದೆ ಹೋದರೇ ಜನಕ್ಕೆ ತಿಳಿಯುತ್ತದೆ, ಹಿಂದೆ ಬಿದ್ದರೆ 125 ಆಗಬೇಕು.

ರೆಂಡರ್‌ಗೆ (ಕೊನೆಯ ಚಿತ್ರಗಳನ್ನು ತೆಗೆಯುವುದಕ್ಕೆ) ಮುಂಚೆ, ಧ್ವನಿ ಚಿತ್ರಕ್ಕೆ ಹೊಂದಿದೆಯಾ ಅಂತ ನೋಡಲು, ಮೊದಲ ಚಿತ್ರಕ್ಕೆ ಎರಡು ಸೆಕೆಂಡ್ ಹಿಂದೆ ಒಂದು ಫ್ರೇಮ್‌ನಷ್ಟು ಬೀಪ್, ಅದೇ ಫ್ರೇಮ್‌ನಲ್ಲಿ ಬಿಳಿ ಮಿಂಚು ಇಡುತ್ತೇನೆ. ಕೊನೆಯಲ್ಲೂ ಇನ್ನೊಂದು ಜೋಡಿ. ಬೀಪ್‌ಗೂ ಮಿಂಚಿಗೂ ಎರಡೂ ಕಡೆ ಒಂದೇ ಅಂತರ ಇದ್ದರೆ ಟ್ರ್ಯಾಕ್ ಸರಿಸಿದರೆ ಮುಗಿಯಿತು. ಶುರುವಿನಲ್ಲಿ ಸರಿಯಿದ್ದು ಕೊನೆಗೆ ಜಾರಿದ್ದರೆ ವೇಗದಲ್ಲೇ ವ್ಯತ್ಯಾಸ ಇದೆ ಅಂತ ಅರ್ಥ. ಮೊದಲು ಅನುಮಾನ ಪಡಬೇಕಾದ್ದು ಬಿಡಿ ಚಿತ್ರಗಳನ್ನು ವಿಡಿಯೋ ಮಾಡುವ ಎಫ್‌ಎಫ್‌ಎಂಪೆಗ್ ಸಾಧನಕ್ಕೆ ಕೊಟ್ಟ ಆದೇಶದ ಸಾಲನ್ನು. ಪಿಎನ್‌ಜಿ ಚಿತ್ರಗಳನ್ನು ಜೋಡಿಸುವಾಗ ಫ್ರೇಮ್‌ರೇಟ್ ಹೇಳದಿದ್ದರೆ ಅದು 25 ಅಂದುಕೊಳ್ಳುತ್ತದೆ. ಒಂದು ನಿಮಿಷದ ಚಿತ್ರ 57.6 ಸೆಕೆಂಡಿಗೆ ಮುಗಿದುಹೋಗುತ್ತದೆ. 24 ಮತ್ತು 23.976 ಫ್ರೇಮ್‌ರೇಟ್‌ಗಳು ಬೆರೆತರೆ ಜಾರುವುದು ತೀರಾ ಮೆಲ್ಲಗೆ, ನಿಮಿಷಕ್ಕೆ 60 ಮಿಲಿಸೆಕೆಂಡ್. ಎರಡು ನಿಮಿಷದ ಹಾಡಿನಲ್ಲಿ ದಾಟಿಹೋಗಬಹುದು, ಹತ್ತು ನಿಮಿಷದ ಕಥೆಯಲ್ಲಿ ಸಿಕ್ಕಿಬೀಳುತ್ತದೆ.

ಎಲ್ಲ ಮುಗಿದ ಮೇಲೂ ‘ಈ ಒಂದು ಸಾಲು ಬದಲಾಯಿಸಿದ್ದೀವಿ’ ಅಂತ ಹೊಸ ವಾಯ್ಸ್ ಬರುತ್ತದೆ. ಅದಕ್ಕೇ ಪ್ರತಿ ಶಾಟ್‌ಗೂ ಬೇರೆ ಫೈಲ್ ಇಟ್ಟಿರುತ್ತೇನೆ. ಆ ಶಾಟ್‌ನ ಬಾಯಿಯ ಕೀಗಳನ್ನು ಮಾತ್ರ ಅಳಿಸಿ ಮತ್ತೆ ಕೂಡಿಸುತ್ತೇನೆ. ಹೊಸ ಸಾಲು ಉದ್ದವಾಗಿದ್ದರೆ ಪಾತ್ರ ಮಾತು ಶುರು ಮಾಡುವ ಮುಂಚಿನ ಸುಮ್ಮನಿರುವ ಫ್ರೇಮ್‌ಗಳನ್ನು ಕತ್ತರಿಸಿ ಜಾಗ ಮಾಡುತ್ತೇನೆ.